ಕಾರಿಲ್ಲದ ಮನಿಗೆ ಡ್ರೈವರ್ ಯಾಕ?

"ಅತ್ತಿಯವರ ಬೀಸೂ ಪದಾ ಒಂದೂ ಹಾಳಾಗಗೊಡೂದಿಲ್ಲ! ಎಲ್ಲಾ ಕಂಪ್ಯೂಟರಿನ್ಯಾಗ ಹಿಡದ ಇಡತೇನಿ!"

2003ರ ಬೇಸಿಗೆಯಲ್ಲಿ ಗೌರೀಶ ಬೈಲಹೊಂಗಲದ ತನ್ನ ಮನೆಯಲ್ಲಿ ಹೀಗೆ ಡಂಗುರ ಸಾರಿದ. ಹತ್ತಿ ಗಿರಣಿಯ ಈ ಗುಮಾಸ್ತ ಹಳೇ ಕಂಪ್ಯೂಟರ್ ಕೊಂಡು ಎರಡೇ ತಿಂಗಳು. ಜ್ಞಾನ ಮಾತ್ರ ಇಪ್ಪತ್ತು ವರ್ಷದ್ದು!

ಹಾಡು ತುಂಬಲು ಜಾಗ ಬೇಕಲ್ಲ? ಬೇಡದ್ದನ್ನೆಲ್ಲ ಅಳಿಸುತ್ತ ಹೋದ. ಪಟ್ಟಿಯಲ್ಲಿ 'ಆಡಿಯೋ ಡ್ರೈವರ್' ಅಂತ ಒಂದು ಕಂಡಿತು.

"ನಮ್ಮನ್ಯಾಗ ಸೈಕಲ್ಲಿಗೇ ಗತಿ ಇಲ್ಲ, ಡ್ರೈವರ್ ಯಾಕ?" ಅದನ್ನೂ ಕಿತ್ತೊಗೆದ.

"ಗೊತ್ತಿಲ್ಲದ್ದನ್ನ ಮುಟ್ಟಬ್ಯಾಡ್ರಿ," ಅಂದಳು ಹೆಂಡತಿ ಮಹಾನಂದಾ.

"ನೀ ಒಗ್ಗರಣಿ ನೋಡು!"

ಮರುದಿನ ಅತ್ತೆ, ಅಂದರೆ ಮಹಾನಂದಾಳ ತಾಯಿ ಸುಂದರವ್ವ, ದೊಡವಾಡದಿಂದ ಬಸ್ಸು ಹತ್ತಿ ಬಂದಳು. ಗೌರೀಶ ಮೈಕು ಜೋಡಿಸಿ ರೆಕಾರ್ಡಿಂಗ್ ಪ್ರೋಗ್ರಾಂ ತೆಗೆದ. ಪರದೆಯ ಮೇಲೆ ಇಂಗ್ಲಿಷಿನಲ್ಲಿ ಎರಡು ಸಾಲು ಮೂಡಿದವು, ಕೆಳಗೆ 'ಓಕೆ'. ಅದೇ ಓಕೆ ಅಂದಮೇಲೆ ಇನ್ನೇನು! ಒತ್ತಿದ.

"ಹಾಡ್ರಿ ಅತ್ತಿ!"

ಮುದುಕಿ ಕಣ್ಣು ಮುಚ್ಚಿ, ಬೀಸುವ ಕಲ್ಲು ಎದುರಿಗಿದ್ದಂತೆ ತೂಗುತ್ತ ಮಧ್ಯಾಹ್ನದವರೆಗೆ ಹಾಡಿದಳು. ಮಹಾನಂದಾ ಬಾಗಿಲಲ್ಲಿ ನಿಂತು ಕಣ್ಣೊರೆಸಿಕೊಂಡಳು. ಒಲೆಯ ಮೇಲೆ ಅನ್ನ ಸೀದುಹೋಯಿತು. ಗೌರೀಶ ಮೈಕಿನ ವೈರು ಸಡಿಲಾಯಿತೋ ಏನೋ ಅಂತ ಅದನ್ನೇ ಒತ್ತುತ್ತ ಕೂತ.

ಅತ್ತೆ ಊರಿಗೆ ಹೋದಮೇಲೆ ಹಚ್ಚಿ ನೋಡಿದರೆ ಒಂದು ಸೊಲ್ಲೂ ಇಲ್ಲ! ಕಂಪ್ಯೂಟರ್ ರಿಪೇರಿಯ ಮಡಿವಾಳೆಪ್ಪ ಬಂದು ತಲೆ ಚಚ್ಚಿಕೊಂಡ.

"ಗೌರೀಶಣ್ಣಾ, ಪ್ರೋಗ್ರಾಂ ತಾನಾ ಹೋಗಿ ಮೈಕ್ ಮುಟ್ಟೂದಿಲ್ರಿ. ಅದು ವಿಂಡೋಸಿಗೆ ಹೇಳತೈತಿ, ವಿಂಡೋಸ್ ಡ್ರೈವರಿಗೆ ಹೇಳತೈತಿ, ಡ್ರೈವರ್ ಮೈಕ್ ತೆರೀತೈತಿ. ನೀವು ಡ್ರೈವರನ್ನೇ ಓಡಿಸೀರಿ! 'ಮೈಕ್ ಸಿಗವಲ್ದು' ಅಂತ ಅದು ಬರದ್ರ, ನೀವು 'ಹೂಂ' ಅಂತ ಒತ್ತೀರಿ!"

ಆ ಡ್ರೈವರಿನ ಸಿಡಿ ಧಾರವಾಡದಿಂದ ಬರಲು ತಿಂಗಳು ಹಿಡಿಯಿತು. ಅಷ್ಟರಲ್ಲಿ ಸುಂದರವ್ವನ ಹಲ್ಲು ಹುಳುಕಾಗಿ, ಡಾಕ್ಟರು ಎಲ್ಲಾ ಕಿತ್ತಿದ್ದರು. ಮತ್ತೆ ಕರೆಸಿ ಹಾಡಿಸಿದ. ಈ ಸಲ ಎಲ್ಲ ಚೊಕ್ಕ ರೆಕಾರ್ಡಾಯಿತು: ಬರೇ ಗಾಳಿ! ತನ್ನ ದನಿ ತಾನೇ ಕೇಳಿ ಮುದುಕಿ ಮೊದಲು ನಕ್ಕಳು. ಆಮೇಲೆ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

ಗೌರೀಶ ಮೈಕು ಪಕ್ಕಕ್ಕಿಟ್ಟ. "ತಪ್ಪಾತ್ರಿ ಅತ್ತಿ. ಅವತ್ತಿನ ಒಂದು ಪದಾನೂ ಉಳಿಸಲಿಲ್ಲ ನಾ."

"ನಿಮ್ಮ ಕಂಪ್ಯೂಟರ್ ಪೆಟಗಿ ಕೇಳಲಿಲ್ಲ, ಹೋಗ್ಲಿ ಬಿಡ್ರಿ," ಅಂದಳು ಸುಂದರವ್ವ. "ನೀವು ಎದುರಿಗೇ ಕುಂತಿದ್ರಲ್ಲಾ. ಅವತ್ತಿನ ಪದದ ಒಂದು ನುಡಿ ಅಂದು ತೋರಸ್ರಿ ನೋಡೂಣು."

ಗೌರೀಶ ಬಾಯಿ ತೆರೆದ. ನೆನಪಿಗೆ ಬಂದದ್ದು ಮೈಕಿನ ವೈರು ಮಾತ್ರ.