ಕುದ್ರುವಿನ ಮೊದಲ ಗ್ರೈಂಡರು

ಕೆಮ್ಮಣ್ಣಿನ ಹೊಳೆ ನಡುವಿನ ಕುದ್ರುವಿಗೆ ಕಡೆಗೂ ಕರೆಂಟು ಬಂದಾಗ ಉಳಿದವರು ಟಿವಿ ತಂದರು, ಬೆಂಜಮಿನ್ ದೋಣಿಯಲ್ಲಿ ಗ್ರೈಂಡರು ತಂದ. ಹೆಂಡತಿ ರೇಚಲಳ ಮೇಲೆ ಎಷ್ಟು ಪ್ರೀತಿ ಎಂದು ಊರೇ ಹೊಗಳಿತು. ಅಸಲು ಸಂಗತಿ ಬೇರೆ. ಅವಳಿಗೆ ಭುಜನೋವು ಶುರುವಾದಂದಿನಿಂದ ಬಾಗಿಲು ಹಾಕಿಕೊಂಡು ಕಲ್ಲಿನಲ್ಲಿ ಅರೆಯುತ್ತಿದ್ದವನು ಅವನೇ. ದೋಣಿಕಟ್ಟೆಯಲ್ಲಿ ಮಾತ್ರ, "ಗಂಡಸಾದವನು ಅಡುಗೆಮನೆಗೆ ಕಾಲಿಡಬಾರದು" ಎಂದು ಮೀಸೆ ತಿರುವುತ್ತಿದ್ದ. ಗುಟ್ಟು ಹೊರಬಿದ್ದರೆ ಆ ಮೀಸೆಯ ಗತಿ ಏನು?

ತೆನೆಹಬ್ಬದ ಹಿಂದಿನ ದಿನ ನೆರೆಮನೆಯ ಬೇಬಿಯಕ್ಕ ಮತ್ತು ಬ್ರೆಂಡಾ ಗ್ರೈಂಡರು ನೋಡಲು ಬಂದರು. ಬರಿಗೈಯಲ್ಲಲ್ಲ, ನೆನೆಸಿದ ಅಕ್ಕಿಯ ಬಾಲ್ದಿ ಸಮೇತ.

"ಹಾಕಿ, ಹಾಕಿ! ಸ್ವಿಚ್ಚು ಒತ್ತುವುದಕ್ಕೆ ಎಂತ ಕಷ್ಟ?" ಎಂದ ಬೆಂಜಮಿನ್.

ಒತ್ತಿದ. ಗ್ರೈಂಡರು ಒಮ್ಮೆ ಗುರ್ರೆಂದಿತು. ಕರೆಂಟು ಹೋಯಿತು.

"ಅಯ್ಯೋ, ನಮ್ಮ ಕಲ್ಲನ್ನು ನಿಮ್ಮ ಗ್ರೈಂಡರು ಬಂದ ದಿನವೇ ತೆಂಗಿನ ಬುಡಕ್ಕೆ ಉರುಳಿಸಿ ಆಯಿತು!" ಎಂದು ಬ್ರೆಂಡಾ ತಲೆಗೆ ಕೈಯಿಟ್ಟಳು.

"ಇಲ್ಲಿ ಕಲ್ಲು ಉಂಟಲ್ಲ ಮಾರಾಯ್ತಿ. ರೇಚಲ್‌ಬಾಯಿ ಅರೆಯಲಿ" ಎಂದಳು ಬೇಬಿಯಕ್ಕ.

ಬೆಂಜಮಿನ್ ಬೆವತ. "ಅರೆಯುತ್ತಾಳೆ. ಆದರೆ ಯಾರಾದರೂ ನೋಡಿದರೆ ಅವಳಿಗೆ ಕೈ ಓಡುವುದಿಲ್ಲ. ನೀವು ಜಗಲಿಯಲ್ಲಿ ಕೂತುಕೊಳ್ಳಿ."

ಅಡುಗೆಮನೆಯ ಬಾಗಿಲು ಮುಚ್ಚಿತು. ಬೆಂಜಮಿನ್ ಲುಂಗಿ ಎತ್ತಿಕಟ್ಟಿ ಕಲ್ಲಿನ ಮುಂದೆ ಕುಳಿತ. "ನೀನು ಬಳೆ ಅಲ್ಲಾಡಿಸುತ್ತಾ ಇರು" ಎಂದು ಹೆಂಡತಿಗೆ ಪಿಸುಗುಟ್ಟಿದ. ಕಲ್ಲು ಗಡಗಡ, ಬಳೆ ಕಿಣಿಕಿಣಿ. ಎಲ್ಲ ಸುಸೂತ್ರವಾಗಿತ್ತು, ರೇಚಲ್ ಬಾಲ್ದಿ ತೊಳೆಯಲೆಂದು ಹಿತ್ತಿಲ ಬಾಗಿಲಿನಿಂದ ಬಾವಿಕಟ್ಟೆಗೆ ಹೋಗುವ ತನಕ. ಬಾವಿ ಇದ್ದದ್ದು ಜಗಲಿಯ ಎದುರಿಗೇ.

ರೇಚಲ್ ಹೊರಗೆ. ಕಲ್ಲು ಇನ್ನೂ ಒಳಗೆ ತಿರುಗುತ್ತಿತ್ತು.

ಬೇಬಿಯಕ್ಕ ಅಡುಗೆಮನೆಯ ಬಾಗಿಲು ತಳ್ಳಿದಳು. ಮೊಣಕೈವರೆಗೆ ಹಿಟ್ಟು ಮೆತ್ತಿಕೊಂಡ ಬೆಂಜಮಿನ್, ಕದ್ದು ಹಾಲು ಕುಡಿದ ಬೆಕ್ಕಿನ ಹಾಗೆ ನೋಡಿದ.

"ಹೆದರಬೇಡಿ ಬೆಂಜಮಿನಣ್ಣ" ಎಂದು ಬೇಬಿಯಕ್ಕ ನಕ್ಕಳು. "ರೇಚಲ್‌ಬಾಯಿ ಇಗರ್ಜಿಯ ಪೂಜೆಗೆಂದು ದೋಣಿ ಹತ್ತಿದ ಮೇಲೂ ನಿಮ್ಮ ಕಲ್ಲು ತಿರುಗುವುದು ನಮಗೆ ಕೇಳುವುದಿಲ್ವಾ? ಊರಿಗೆಲ್ಲ ಗೊತ್ತುಂಟು. ನಮ್ಮವರೂ ಬಾಗಿಲು ಹಾಕಿಯೇ ಕಾಯಿ ತುರಿಯುವುದು."

ಬೆಂಜಮಿನನ ಎದೆಯಿಂದ ಅರೆಯುವ ಕಲ್ಲೇ ಇಳಿದಂತಾಯಿತು. ಇಷ್ಟು ವರ್ಷ ಸುಮ್ಮನೆ ಹೆದರಿದೆನಲ್ಲ ಎಂದು ಅವನೂ ನಕ್ಕುಬಿಟ್ಟ. ಅಷ್ಟರಲ್ಲಿ ಕರೆಂಟೂ ಬಂತು. ಖುಷಿಯಿಂದ ಸ್ವಿಚ್ಚಿಗೆ ಕೈ ಚಾಚಿದ.

ಹಿಟ್ಟನ್ನು ಬೆರಳಲ್ಲಿ ಮುಟ್ಟಿ ನೋಡುತ್ತಿದ್ದ ಬೇಬಿಯಕ್ಕ ತಡೆದಳು. "ಬೇಡ, ಬೇಡ! ಎಷ್ಟು ನುಣ್ಣಗೆ ಉಂಟು! ಮಿಷನ್ನಿಗೆ ಇದು ಬರುತ್ತದಾ? ಇನ್ನು ಗುಟ್ಟೂ ಇಲ್ಲವಲ್ಲ, ಬಾಗಿಲು ತೆರೆದೇ ಅರೆಯಿರಿ."

"ಹಬ್ಬದ ಸನ್ನ ಇಡ್ಲಿ ಕಲ್ಲಿನ ಹಿಟ್ಟಿನದ್ದೇ ಆಗಬೇಕು" ಎಂದು ರೇಚಲಳೂ ತೊಳೆದ ಬಾಲ್ದಿ ತಂದಿಟ್ಟಳು.

ಬೆಂಜಮಿನ್ ಪುನಃ ಕಲ್ಲಿನ ಮುಂದೆ ಕುಳಿತ. ಬ್ರೆಂಡಾಳಿಗೆ ಕನಿಕರ ಬಂತು. ಗ್ರೈಂಡರಿನ ಪ್ಲಗ್ಗು ಕಿತ್ತು, ಅಲ್ಲಿಗೆ ಟೇಬಲ್ ಫ್ಯಾನು ಸಿಕ್ಕಿಸಿ, ಅವನ ಕಡೆಗೆ ತಿರುಗಿಸಿದಳು.