ಮಿರ್ಚಿ ಹಿಟ್ಟಿನ ವಂಶವೃಕ್ಷ

"ಇದರ ಮುಂದ ಯಾವ ವಿದ್ಯಾರ್ಥಿಗೂ ಸುಳ್ಳ ಹೇಳಾಕ ಆಗಂಗಿಲ್ಲ," ಎಂದು ಕೊಟ್ರೇಶ ಸರ್ ಯಂತ್ರದ ಬೆನ್ನು ಚಪ್ಪರಿಸಿದರು. ಹಳೆಯ ಝೆರಾಕ್ಸ್ ಮಷಿನ್, ಅದಕ್ಕೊಂದು ಹೊಲಿಗೆ ಯಂತ್ರದ ಪೆಡಲು, ಒಂದು ಕಬ್ಬಿಣದ ಕೈ, ನೆತ್ತಿಯ ಮೇಲೆ ಗಣಪತಿ ಪೆಂಡಾಲಿನ ಸ್ಪೀಕರು. ಗದಗಿನ ಆ ಕಾಲೇಜಿನ ಜೀವಶಾಸ್ತ್ರ ವಿಭಾಗಕ್ಕೆ ಸರ್ ಮುಖ್ಯಸ್ಥರು. ಯಂತ್ರ ಕಟ್ಟುವುದು ಅವರ ಚಟ.

ಅತಿಥಿ ಉಪನ್ಯಾಸಕಿ ನೀಲಾಂಬಿಕೆ ರೆಕಾರ್ಡ್ ಬುಕ್ಕುಗಳನ್ನು ಯಂತ್ರದ ಪಕ್ಕ ಜೋಡಿಸುತ್ತಿದ್ದಳು. ಅವಳ ಕೆಲಸ ಮುಂದಿನ ವರ್ಷಕ್ಕೂ ಉಳಿಯುತ್ತದೋ ಇಲ್ಲವೋ ಎಂಬುದನ್ನು ತಪಾಸಣೆಗೆ ಬಂದ ಚಂದ್ರಕಲಾ ಮೇಡಂ ಇವತ್ತೇ ತೀರ್ಮಾನಿಸಬೇಕು. ಅವರಿಗೆ ತೋರಿಸಲು ಇದ್ದದ್ದು ಮಕ್ಕಳ ಪ್ರಾಜೆಕ್ಟು ಒಂದೇ. ಬಸ್ ಸ್ಟ್ಯಾಂಡಿನ ಮಿರ್ಚಿ ಹಿಟ್ಟಿನಲ್ಲಿ ಸಿಕ್ಕ ಬ್ಯಾಕ್ಟೀರಿಯಾದ ಜೀನೋಮನ್ನು ಮೂವತ್ತೆರಡು ತುಂಡು ಮಾಡಿ ಒಬ್ಬೊಬ್ಬರಿಗೆ ಒಂದೊಂದು ಹಂಚಿದ್ದಳು. ತಮ್ಮ ತುಂಡಿನಲ್ಲಿ ಜೀನು ಎಲ್ಲಿ ಶುರುವಾಗುತ್ತದೆ, ಎಲ್ಲಿ ಮುಗಿಯುತ್ತದೆ, ಅದರ ಕೆಲಸವೇನು ಎಂದು ಗುರುತಿಸಿ ರೆಕಾರ್ಡ್ ಬುಕ್ಕಿನಲ್ಲಿ ಬರೆಯಬೇಕು. ಯಾರು ಎಷ್ಟು ಮುಂದೆ ಬಂದಿದ್ದಾರೆಂದು ಯಂತ್ರ ಹೇಳುತ್ತದೆ.

ಸರ್ ಪೆಡಲು ತುಳಿದರು. ಯಂತ್ರ ಎಲ್ಲ ಬುಕ್ಕುಗಳನ್ನು ಗಬಗಬನೆ ನುಂಗಿ ಗಂಟಲು ಸರಿಮಾಡಿಕೊಂಡಿತು.

"ತುಂಡು ಮೂವತ್ತೆರಡು. ಮೂವತ್ತೊಂದಕ್ಕ ಉತ್ತರ ಒಂದ. ಆ ಎಲ್ಲಾ ಬುಕ್ಕಿನಾಗ ಏಳನೇ ಸಾಲು: 'ಇಲ್ಲಿ ಅಕ್ಷರ ಕಾಣಿಸುವುದಿಲ್ಲ.'"

"ಏನ್ರೀ ಇದು?" ಎಂದರು ಚಂದ್ರಕಲಾ ಮೇಡಂ.

ಹಿಂದಿನ ಬೆಂಚಿನಿಂದ ಉತ್ತರ ಬಂತು. "ಸೀನಿಯರ್ ಬುಕ್ಕಿನಾಗ ಹಂಗ ಇತ್ರಿ. ನಾವು ಒಂದಕ್ಷರನೂ ಬಿಟ್ಟಿಲ್ರಿ ಮೇಡಂ."

ಉಳಿದ ಒಂದು ಬುಕ್ಕು ಮುಬೀನಾಳದು. ಅವಳೊಬ್ಬಳೇ ಸ್ವಂತ ಬರೆದಿದ್ದಳು. ಯಂತ್ರ ಕೆಂಪು ದೀಪ ಹೊತ್ತಿಸಿ, "ಉಳಿದವಕ್ಕ ಹೊಂದಂಗಿಲ್ಲ. ಈ ಪ್ರತಿಗೆ ರೋಗ ತಗಲೈತಿ," ಎಂದು ಅದನ್ನು ಹೊರಗೆ ಉಗುಳಿತು. ಮುಬೀನಾ ಮುಖ ಊದಿಸಿಕೊಂಡಳು.

"ಸರ್, ಮೊದ್ಲ ಬಂದ್ ಮಾಡ್ರಿ," ನೀಲಾಂಬಿಕೆ ಪಿಸುಗುಟ್ಟಿದಳು.

"ತಡಿಯವಾ. ತಪ್ಪಿನ ಜಾಡು ಹಿಡದ್ರ ಇದು ಮೂಲ ಮುಟ್ಟೂ ತನಕ ಬಿಡಂಗಿಲ್ಲ. ಅದ ಇದರ ಮಜಾ."

ಬಿಡಲಿಲ್ಲ. ಕಬ್ಬಿಣದ ಕೈ ಕಪಾಟಿಗೆ ಹೋಯಿತು. ಹೋದ ವರ್ಷದ ಬುಕ್ಕು, ಅದರ ಹಿಂದಿನದು, ಅದರಜ್ಜ, ಮುತ್ತಜ್ಜ. ವಂಶವೃಕ್ಷ ಅಚ್ಚಾಗುತ್ತ ಕಾಗದ ನೆಲದುದ್ದ ಹರಿದು ಮೇಡಂ ಕಾಲಿಗೆ ಸುತ್ತಿಕೊಂಡಿತು. ಕೊನೆಗೆ ಕೈ ಒಂದು ಕಪ್ಪು ರಟ್ಟಿನ ದಪ್ಪ ಪುಸ್ತಕ ಎಳೆಯಿತು. ಸರ್ ಮುಖದ ಬಣ್ಣ ಇಳಿಯಿತು.

"ಕೊಟ್ರೇಶ ಅವರ ಪಿಎಚ್.ಡಿ. ಪ್ರಬಂಧ, ಪುಟ ಎಂಬತ್ನಾಲ್ಕು: 'ಇಲ್ಲಿ ಅಕ್ಷರ ಕಾಣಿಸುವುದಿಲ್ಲ.' ಇದೂ ಮೂಲ ಅಲ್ಲ. ಇದಕ್ಕೂ ಒಬ್ಬಾಕಿ ತಾಯಿ ಅದಾಳ."

ಸರ್ ಪೆಡಲಿನಿಂದ ಕಾಲು ತೆಗೆದರು. ಯಂತ್ರ ನಿಲ್ಲಲಿಲ್ಲ. ಅವರ ಪ್ರಬಂಧಕ್ಕೆ ಗೈಡ್ ಆಗಿದ್ದವರು ಇದೇ ಚಂದ್ರಕಲಾ ಮೇಡಂ. ಕೈ ನಿಧಾನವಾಗಿ ಅವರ ಕಡೆಗೇ ತಿರುಗಿತು.

"ಪ್ಲಗ್ ಕೀಳ್ರೀ!" ಎಂದು ಮೇಡಂ ಚೀರಿದರು.

ಪ್ಲಗ್ಗಿನ ಹತ್ತಿರ ಇದ್ದವಳು ನೀಲಾಂಬಿಕೆ. "ಕೀಳ್ತೀನ್ರಿ ಮೇಡಂ. ಸ್ವಲ್ಪ ಬಿಗಿ ಐತ್ರಿ. ಅಷ್ಟರಾಗ ನನ್ನ ಮುಂದಿನ ವರ್ಷದ ಆರ್ಡರಿಗೆ ಸಹಿ..."

ಮೇಡಂ ನಿಂತಲ್ಲೇ ಸಹಿ ಹಾಕಿದರು. ಪ್ಲಗ್ಗು ಬೆಣ್ಣೆಯೊಳಗಿನ ಕೂದಲಿನಂತೆ ಬಂತು.

ಆರ್ಡರಿನಲ್ಲಿ 'ಮುಂದುವರಿಸಲು ಕಾರಣ' ಎಂಬ ಜಾಗದಲ್ಲಿ ಮೇಡಂ ಅವಸರದಲ್ಲಿ ಬರೆದಿದ್ದರು: ಇಲ್ಲಿ ಅಕ್ಷರ ಕಾಣಿಸುವುದಿಲ್ಲ.

ಮುಬೀನಾ ನೀಲಾಂಬಿಕೆಯ ಹೆಗಲ ಮೇಲಿಂದ ಇಣುಕಿ ನೋಡಿ, "ನಾನೂ ಇದನ್ನ ಬರಕೋಬೇಕೇನ್ರಿ ಮೇಡಂ?" ಎಂದಳು.

"ನೀ ಬ್ಯಾಡ ಬಿಡವಾ," ನೀಲಾಂಬಿಕೆ ಆರ್ಡರು ಮಡಚಿದಳು. "ವಂಶದಾಗ ಒಬ್ಬಾಕಿಗರೆ ಆ ರೋಗ ಇರ್ಲಿ."