ಮೂರನೇ ಮಹಡಿಯ ಸಮುದ್ರ

ಲಿಂಗಣ್ಣನ ಕಾಲು ತಾಗಿ ಕ್ಯಾನು ಉರುಳಿತು. ಆದದ್ದು ಇಷ್ಟೇ. ಮುಚ್ಚಳ ಸಡಿಲವಿತ್ತು. ಅವನು ಬಗ್ಗಿ ಎತ್ತುವಷ್ಟರಲ್ಲಿ ಒಳಗಿನ ನೀರೆಲ್ಲ ಮೃಣಾಲಿನಿಯವರ ನುಣುಪು ನೆಲದ ಮೇಲೆ ಹರಿದು, ಅಪರಿಚಿತರನ್ನು ಕಂಡ ಬೆಕ್ಕಿನಂತೆ ಸೋಫಾದ ಕೆಳಗೆ ಸೇರಿಕೊಂಡಿತು.

ಹಿಮಾಯತ್‌ನಗರದ ಆ ಅಪಾರ್ಟ್‌ಮೆಂಟಿಗೆ ಲಿಂಗಣ್ಣ ವಾಚ್‌ಮನ್. ಗುರುಮಠಕಲ್ ಕಡೆಯಿಂದ ಬಂದು, ಅದೇ ಕಟ್ಟಡಕ್ಕೆ ಸಿಮೆಂಟು ಹೊತ್ತು, ಕಟ್ಟಡ ಎದ್ದು ನಿಂತ ಮೇಲೆ ಅದರ ಗೇಟಿನಲ್ಲೇ ಕುರ್ಚಿ ಹಾಕಿಕೊಂಡು ಕೂತವನು. ಮೆಟ್ಟಿಲ ಕೆಳಗಿನ ಕೋಣೆಯಲ್ಲಿ ಅವನೂ ಹೆಂಡತಿ ಗದಿಗೆಮ್ಮನೂ ಸಂಸಾರ ಹೂಡಿದ್ದರು. ಆ ಸಂಸಾರಕ್ಕೆ ಈಗ ಕುತ್ತು ಬಂದಿತ್ತು. ಎರಡನೇ ಮಹಡಿಯ ವಿಶ್ವಜಿತ್, ಅಸೋಸಿಯೇಷನ್ನಿನ ಸೆಕ್ರೆಟರಿ, ಲಿಂಗಣ್ಣನನ್ನು ಬಿಡಿಸಿ ಕ್ಯಾಮೆರಾ ಹಾಕಿಸೋಣ, ಏಜೆನ್ಸಿಯಿಂದ ಯೂನಿಫಾರ್ಮಿನ ಗಾರ್ಡ್ ತರಿಸೋಣ ಎಂದು ಹಟ ಹಿಡಿದಿದ್ದ. ಮನೆಗಳು ಸರಿಸಮ ಎರಡು ಪಾಲಾಗಿದ್ದವು. ಉಳಿದದ್ದು ಮೂರನೇ ಮಹಡಿಯ ಮೃಣಾಲಿನಿಯವರ ಕೈ ಒಂದೇ. ಅದು ಎತ್ತಿದ ಕಡೆ ತೀರ್ಮಾನ. ಮೀಟಿಂಗು ಇವತ್ತು ಸಂಜೆ.

ಮೃಣಾಲಿನಿಯವರು ಸರ್ಕಾರಿ ಕೆಲಸದಿಂದ ನಿವೃತ್ತರಾದವರು, ಕಲಬುರಗಿಯ ಮನೆತನ. ನಿನ್ನೆ ನೆಂಟರ ಮುಂಜಿವೆಗೆ ಹೊರಡುವಾಗ ಮನೆಯ ಕೀಲಿಯನ್ನು ಲಿಂಗಣ್ಣನ ಕೈಗೇ ಕೊಟ್ಟಿದ್ದರು. ಕೊಡುವ ಮುನ್ನ ಹಾಲ್‌ನಲ್ಲಿದ್ದ ಗಾಜಿನ ತೊಟ್ಟಿಯ ಮುಂದೆ ನಿಲ್ಲಿಸಿ ಪಾಠ ಹೇಳಿದ್ದರು. ತೊಟ್ಟಿ ಒಂದು ತೊಟ್ಟಿಲಿನಷ್ಟಿತ್ತು. ಒಳಗೆ ಸಮುದ್ರದ ಉಪ್ಪುನೀರು, ರಂಧ್ರ ರಂಧ್ರದ ಕಲ್ಲು, ಬಿಳಿ ಪಟ್ಟೆಯ ಎರಡು ಕಿತ್ತಳೆ ಮೀನು, ಕ್ಷೌರಿಕನಂತೆ ಆ ಮೀನುಗಳ ಮೈ ಕೆರೆದು ಚೊಕ್ಕಟ ಮಾಡುವ ಕೆಂಪು ಸಿಗಡಿ, ಗಾಜಿಗೆ ಅಂಟಿದ ನಾಲ್ಕಾರು ಬಸವನಹುಳು, ಬೆನ್ನ ಮೇಲೆ ಶಂಖ ಹೊತ್ತ ಒಂದು ಪುಟ್ಟ ಏಡಿ.

"ಸಣ್ಣ ಜಾಗಾ ನೋಡಪಾ, ಜಗಳಗಂಟಿ ಇದರಾಗ ನಡ್ಯಾಂಗಿಲ್ಲ. ಒಂದಕ್ಕೊಂದು ತಿನ್ನಬಾರದು, ಒಂದಕ್ಕೊಂದು ಕಾಡಬಾರದು. ತಿಂಗಳಗಟ್ಟಲೆ ಓದಿ, ಕೇಳಿ ಆರಿಸೇನಿ. ನನ್ನ ಮದುವಿಗೂ ನಮ್ಮಪ್ಪ ಇಷ್ಟು ವಿಚಾರಸಲಿಲ್ಲ. ಬಿಸಲಿಗೆ ನೀರಷ್ಟ ಹಾರತದ, ಉಪ್ಪು ಹಾರಂಗಿಲ್ಲ. ಮುಂಜಾನೆ ಈ ಕೆಂಪು ಗೆರಿ ತನಕಾ ಕ್ಯಾನಿನ ಶುದ್ಧ ನೀರು ಹಾಕು. ನಳದ್ದು ಹಾಕಬ್ಯಾಡ. ಇವನ್ನ ಜ್ವಾಕಿ ಮಾಡು, ನಿನ್ನ ಜ್ವಾಕಿ ನಾ ಮಾಡತೀನಿ."

ಆ ಕೊನೆಯ ಮಾತು ಲಿಂಗಣ್ಣನ ಕಿವಿಯಲ್ಲಿ ಇಡೀ ರಾತ್ರಿ ಗೆಜ್ಜೆಯಂತೆ ಆಡಿತ್ತು. ಈಗ ಕ್ಯಾನು ಖಾಲಿ. ತೊಟ್ಟಿಯ ನೀರು ಗೆರೆಗಿಂತ ಅರ್ಧ ಬೆರಳು ಕೆಳಗೆ. ಏಪ್ರಿಲ್ ಬಿಸಿಲು ಆಗಲೇ ಕಿಟಕಿಗೆ ಬಂದು ಕೂತಿತ್ತು.

"ಅದಕ್ಯಾಕ ಮಾರಿ ಸಣ್ಣ ಮಾಡ್ತಿ?" ಅಂದಳು ನೆಲ ಒರೆಸಲು ಬಂದ ಗದಿಗೆಮ್ಮ. "ಶುದ್ಧ ನೀರಂದ್ರ ನಮ್ಮ ಕೊಡದಾಗಿಲ್ಲೇನು? ಹನಮಂತದೇವರ ಗುಡಿ ಬೋರಿನ ನೀರು. ಅದಕ್ಕಿಂತ ಶುದ್ಧ ಈ ಹೈದರಾಬಾದಿನಾಗ ಎಲ್ಲೈತಿ ಹೇಳು."

ಗದಿಗೆಮ್ಮನ ತಾಮ್ರದ ಕೊಡ ತವರಿನಿಂದ ಬಂದದ್ದು. ದಿನಾ ಸಂಜೆ ಹುಣಸೆಹಣ್ಣು ಹಚ್ಚಿ ತಿಕ್ಕಿ, ಹಿಂದಿನ ಗಲ್ಲಿಯಿಂದ ನೀರು ತುಂಬಿ ತಂದು, ಬಿಳಿ ಬಟ್ಟೆ ಮುಚ್ಚಿ, ರಾತ್ರಿಯೆಲ್ಲ ಕೊಡದಲ್ಲೇ ಇಟ್ಟು ಮುಂಜಾನೆ ಕುಡಿಯುವುದು. ಲಿಂಗಣ್ಣ ಎರಡು ತಂಬಿಗೆ ತಂದು ಗೆರೆ ಮುಟ್ಟುವಂತೆ ಸುರಿದ. ಗದಿಗೆಮ್ಮ ಸೆರಗಿನ ತುದಿ ಬಾಯಿಗೆ ಒತ್ತಿ ಏಡಿಯನ್ನು ನೋಡುತ್ತ ನಿಂತಳು.

"ನೋಡಲ್ಲಿ, ಬೆನ್ನ ಮ್ಯಾಲ ಮನಿ. ಯಾ ಸೆಕ್ರೆಟರಿ ಏನ್ ಮಾಡ್ಯಾನು ಇದಕ್ಕ!"

ಬಿಸಿಲು ನೆತ್ತಿಗೆ ಏರುವ ಮೊದಲೇ ಸಿಗಡಿ ನಡುಗತೊಡಗಿತು. ಆಮೇಲೆ ಮಗ್ಗುಲಾಯಿತು. ಮೀಸೆ ಎರಡು ಸಲ ಅಲುಗಿ ನಿಂತವು. ಲಿಂಗಣ್ಣ ಗಾಜಿಗೆ ಮೂಗು ಒತ್ತಿ, "ಏಳು ತಾಯಿ, ಸಂಜಿ ತನಕಾ ಏಳು" ಎಂದು ಬೇಡಿಕೊಂಡ. ಅದು ಏಳಲಿಲ್ಲ. ಎದುರುಮನೆಯ ನಲಿನಿ ತೆರೆದ ಬಾಗಿಲು ಕಂಡು ಒಳಬಂದಳು, ಬಂದವಳು ಕೂಗಿದಳು, ಕೂಗು ಕೇಳಿ ವಿಶ್ವಜಿತ್ ಬಂದ. ಅಷ್ಟರಲ್ಲಿ ಏಡಿ ನಿಧಾನಕ್ಕೆ ನಡೆದು ಬಂದು, ಸತ್ತ ಸಿಗಡಿಯ ಮೇಲೆ ಹತ್ತಿ, ಚಿಮಟ ಹಿಡಿದವನಂತೆ ಕಿತ್ತು ಕಿತ್ತು ಬಾಯಿಗಿಡತೊಡಗಿತ್ತು.

"ಏಡಿ ರಂಗೇ ಹಾಥ್ ಸಿಕ್ಕೈತ್ರಿ, ತಿನ್ನೋ ಮುಂದಽ!" ಅಂದ ವಿಶ್ವಜಿತ್. ಫೋನು ತೆಗೆದು ಹುಡುಕಿ ನೋಡಿದ. "ಮಾಲಮ್ ಐತೇನು, ಎಲ್ಲಾನೂ ಒಂದರ ಜೋಡಿ ಒಂದು ಇರಂಗಿಲ್ಲ. ಸೂಟ್ ಆಗಬೇಕು. ಈ ಏಡಿ ಸೂಟ್ ಇಲ್ಲ. ನಿಕಾಲೋ, ಹೊರಗ ತಗೀರಿ!"

"ಸತ್ತ ಮ್ಯಾಲ ತಿನ್ನಾಕತ್ತೈತ್ರಿ ಸಾಹೇಬ್ರ, ಕೊಂದಿಲ್ಲ" ಅಂದ ಲಿಂಗಣ್ಣ.

"ನೀ ಏನ್ ಅದರ ವಕೀಲ ಏನು?" ಎಂದಳು ನಲಿನಿ. "ಅದರ ಮಾರಿ ನೋಡಿದರ ತಿಳಿತದ. ಕಳ್ಳ ಮಾರಿ."

ಬಚ್ಚಲಲ್ಲಿ ಮೃಣಾಲಿನಿಯವರು ಮುಂದಿನ ವಾರಕ್ಕೆಂದು ಉಪ್ಪುನೀರು ಕಲಸಿಟ್ಟ ಬಕೆಟ್ ಇತ್ತು. ಏಡಿಯನ್ನು ಅದಕ್ಕೆ ಗಡೀಪಾರು ಮಾಡಲಾಯಿತು. ಒಳಗೆ ಉಳಿದ ಜೀವಗಳ ಶಾಂತಿಗೆಂದು ಗದಿಗೆಮ್ಮ ಮತ್ತೊಂದು ತಂಬಿಗೆ ಕೊಡದ ನೀರು ತಂದು, ಸಾಯುವವರ ಬಾಯಿಗೆ ತೀರ್ಥ ಬಿಡುವ ಹಾಗೆ ಕಣ್ಣು ಮುಚ್ಚಿ ಸುರಿದಳು. ಸ್ವಲ್ಪ ಹೊತ್ತಿಗೆ ಬಸವನಹುಳುಗಳು ಗಾಜು ಬಿಟ್ಟು ಒಂದೊಂದಾಗಿ, ಮಾಗಿದ ಬಾರೆಹಣ್ಣಿನಂತೆ, ಮರಳಿಗೆ ಉದುರಿದವು. ಕಿತ್ತಳೆ ಮೀನುಗಳೆರಡೂ ಏನೂ ಆಗದವರಂತೆ ಈಜುತ್ತಿದ್ದವು.

"ಅಂದ್ರ ಮೀನಿಂದೇ ಕೆಲಸ" ಎಂದು ನಲಿನಿ ತೀರ್ಪು ತಿದ್ದಿದಳು. ಏಡಿಯನ್ನು ಮರಳಿ ತರುವ ವಿಚಾರ ಯಾರಿಗೂ ಬರಲಿಲ್ಲ.

ಲಿಂಗಣ್ಣನಿಗೆ ಉಳಿದದ್ದು ಒಂದೇ ದಾರಿ: ಸಂಜೆಯೊಳಗೆ ಅಂಥದೇ ಸಿಗಡಿ ತಂದು ಬಿಡುವುದು. ಸತ್ತ ಸಿಗಡಿಯನ್ನು ಗುರುತಿಗಾಗಿ ತೊಟ್ಟಿಯ ನೀರಿನ ಸಮೇತ ಟಿಫಿನ್ ಡಬ್ಬಿಗೆ ಹಾಕಿಕೊಂಡ. ಗೇಟಿನ ಬಳಿ ಆಟೋ ನಿಲ್ಲಿಸುವ ಯಾದಗಿರಿಯ ಸಾಬಣ್ಣ, "ಕೂಡು ಕಾಕಾ, ಇಂಥಾ ಮೀನಿನ ದುಕಾನು ನನಗೊಂದು ಗೊತ್ತೈತಿ" ಎಂದು ಹತ್ತಿಸಿಕೊಂಡ. ದಾರಿಯುದ್ದಕ್ಕೂ ಲಿಂಗಣ್ಣ ಡಬ್ಬಿಯನ್ನು ತೊಡೆಯ ಮೇಲೆ, ಮಣ್ಣು ಮಾಡಲು ಒಯ್ಯುವ ಕೂಸನ್ನು ಹಿಡಿದಂತೆ ಹಿಡಿದು ಕೂತಿದ್ದ.

ಅಂಗಡಿಯ ಬಿಳಿ ಗಡ್ಡದ ಸಾಹೇಬರು ಡಬ್ಬಿ ತೆರೆದವರೇ ಮೊದಲು ಕೇಳಿದ್ದು, "ಘರ್ ಮೇ ಔರ್ ಕೌನ್ ಕೌನ್ ಹೈ?"

ಲಿಂಗಣ್ಣ ತನ್ನ ಮನೆಯ ಮಂದಿಯನ್ನು ಎಣಿಸಹೊರಟಾಗ ಸಾಬಣ್ಣ ತಡೆದು, "ನಿನ್ನ ಮನ್ಯಾಗಲ್ಲ ಕಾಕಾ, ತೊಟ್ಟ್ಯಾಗ" ಎಂದ. ಹೇಳಿದ್ದಾಯಿತು. ಸಾಬಣ್ಣ ಅಲ್ಲೇ ಒಂದು ಗಾಜಿನೊಳಗೆ ಕೆಂಪು ಬಿಳಿ ಪಟ್ಟೆಯ ಸಿಗಡಿ ಕಂಡು, "ಇದೇ ಬಣ್ಣ ಐತಲ್ಲ, ಹಾಕು ಇದನ್ನ" ಅಂದ. "ಉಸೇ ಛೋಡೋ, ಓ ಪೈಲ್ವಾನ್ ಹೈ" ಎಂದು ಸಾಹೇಬರು ಬೇಡವೆಂದರು. ಕಂಡವರನ್ನೆಲ್ಲ ಕೊಂಡಿಯಲ್ಲಿ ಹಿಡಿದು ಹರಿಯುತ್ತದಂತೆ. ಆ ಹಳದಿ ಮೀನು ಬೆಳೆದರೆ ತಿರುಗಲು ಜಾಗ ಸಾಲದು. ಈ ನೀಲಿಯದು ಚಿಕ್ಕದು, ಆದರೆ ಇಡೀ ತೊಟ್ಟಿ ತನ್ನದೇ ಎಂದುಕೊಳ್ಳುವ ಜಾತಿ. ಲಿಂಗಣ್ಣ ತಲೆಯಾಡಿಸಿದ. ಉದ್ದ ಹೆಜ್ಜೆಯ ಎತ್ತಿಗೆ ಗಿಡ್ಡ ಹೆಜ್ಜೆಯದನ್ನು ಕಟ್ಟಿದರೆ ನೇಗಿಲು ಸಾಲು ಬಿಡುವುದನ್ನು ಅವನು ಕಂಡಿದ್ದ. ಆದರೆ ಅಪಾರ್ಟ್‌ಮೆಂಟು ಕಟ್ಟಿದವರಿಗೆ ಯಾರೂ ಈ ಬುದ್ಧಿ ಹೇಳಿರಲಿಲ್ಲವಲ್ಲ, ವಿಶ್ವಜಿತ್‌ನನ್ನೂ ತನ್ನನ್ನೂ ಒಂದೇ ತೊಟ್ಟಿಗೆ ಬಿಟ್ಟರಲ್ಲ ಎಂದು ಅವನಿಗೆ ಅನ್ನಿಸಿತು.

ಕೊನೆಗೆ ಸಾಹೇಬರು ಸರಿಯಾದ ಸಿಗಡಿಯನ್ನು ಬಲೆಯಲ್ಲಿ ಹಿಡಿದರು. ಹಿಡಿದವರು, ಎಂಥ ನೀರಿಗೆ ಕಳಿಸುತ್ತಿದ್ದೇನೆಂದು ನೋಡುವ ರೂಢಿಯಂತೆ, ಡಬ್ಬಿಯ ನೀರನ್ನು ಸಣ್ಣ ಸೀಸೆಗೆ ಬಗ್ಗಿಸಿ ನಾಲ್ಕು ಹನಿ ಔಷಧ ಹಾಕಿದರು. ನೀರು ತೆಳುವಾಗಿ ನೀಲಿಗೆ ತಿರುಗಿತು. ಅವರು ಸಿಗಡಿಯನ್ನು ಮರಳಿ ನೀರಿಗೆ ಬಿಟ್ಟರು.

"ತಾಂಬಾ" ಅಂದರು. ತಾಮ್ರ. ಮೀನು ಹೇಗೋ ತಡೆಯುತ್ತದೆ. ಸಿಗಡಿ, ಏಡಿ, ಬಸವನಹುಳುಗಳಿಗೆ ಒಂದಿಷ್ಟು ಬಿದ್ದರೂ ಸಾವು. ಮೇಲಾಗಿ ಒಳಗಿನ ಕಲ್ಲುಗಳು ಅದನ್ನು ಹೀರಿಕೊಂಡು ತಿಂಗಳುಗಟ್ಟಲೆ ಬಿಡುತ್ತಲೇ ಇರುತ್ತವೆ. "ಇಸ್ ಘರ್ ಕೋ ಮೈಂ ಬೇಟೀ ನಹೀಂ ದೇತಾ, ಮಿಯಾಂ." ಇಂಥ ಮನೆಗೆ ಅವರು ಮಗಳನ್ನು ಕೊಡುವವರಲ್ಲವಂತೆ.

ಲಿಂಗಣ್ಣನ ಹೊಟ್ಟೆಯೊಳಗೆ ಗದಿಗೆಮ್ಮನ ಕೊಡ ಫಳಫಳ ಹೊಳೆಯಿತು.

"ಯಾ ನೀರ ಹಾಕಿದ್ದಿ ಕಾಕಾ?" ಎಂದು ಸಾಬಣ್ಣ ಕೇಳಿದ, ಕೇಳಿದವನು ತಾನೇ ಉತ್ತರವನ್ನೂ ಹೇಳಿದ. "ಬಿಲ್ಡಿಂಗಿಂದ ಹಾಕಿರ್ತಿ, ಮತ್ತೆಲ್ಲಿಂದ! ಹೋದ ತಿಂಗಳ ಆ ವಿಶ್ವಜಿತ್ ಹೊಸಾ ಪೈಪ್ ಹಾಕಿಸ್ಯಾನಲ್ಲ, ಅದರದ್ದೇ ಕರಾಮತ್ತು!"

ಲಿಂಗಣ್ಣ ಬಾಯಿ ತೆರೆದ. ತೆರೆದ ಬಾಯಿಯೊಳಗೆ ಸಂಜೆಯ ಮೀಟಿಂಗು ಬಂದು ಕೂತಿತು. ಮುಚ್ಚಿಕೊಂಡ.

ಸಾಬಣ್ಣನ ಹೊಟ್ಟೆಯಲ್ಲಿ ಮಾತು ನಿಲ್ಲುವುದಿಲ್ಲ. ಗೇಟಿನಲ್ಲಿ ಆಟೋ ನಿಲ್ಲುವ ಮುಂಚೆಯೇ ಸುದ್ದಿ ಇಳಿದು ಮೆಟ್ಟಿಲು ಹತ್ತಿತು. ಮೊದಲ ಮಹಡಿಯಲ್ಲಿ ಅದು ನೀರಿನಲ್ಲಿ ತಾಮ್ರ. ಮೂರನೆಯದಕ್ಕೆ ಹೋಗುವಷ್ಟರಲ್ಲಿ ವಿಷ. ತಾರಸಿ ಮುಟ್ಟುವಾಗ ಯಾರೋ ಆಸ್ಪತ್ರೆಗೆ ಸೇರಿದ್ದರು. ಜನ ನಳ ಬಂದ್ ಮಾಡಿದರು, ಹಾಕಿದ ಚಹಾ ಚೆಲ್ಲಿದರು, ವಿಶ್ವಜಿತ್‌ನ ಬಾಗಿಲು ಬಡಿದರು.

ಲಿಂಗಣ್ಣ ಓಡಿದ್ದು ಕೋಣೆಗೆ, ಕೊಡವನ್ನು ಮಂಚದ ಕೆಳಗೆ ದೂಡಲು. ಆದರೆ ಕೋಣೆಯ ಮುಂದೆ ಸಾಲು ನಿಂತಿತ್ತು. ಕೈಕೈಯಲ್ಲಿ ಬಾಟಲಿ, ಚೊಂಬು, ಫ್ಲಾಸ್ಕು. ಗದಿಗೆಮ್ಮ ಕೊಡದ ಪಕ್ಕ ಕೂತು, ಹಬ್ಬದ ದಿನ ಹುಗ್ಗಿ ಬಡಿಸುವವಳಂತೆ ಸೌಟಿನಲ್ಲಿ ತುಂಬಿ ಕೊಡುತ್ತಿದ್ದಳು.

"ಗುಡಿ ಬೋರಿಂದು, ಬಿಲ್ಡಿಂಗಿಂದಲ್ಲ. ಅಂಜಬ್ಯಾಡ್ರಿ. ತಾಮ್ರದಾಗ ಇಟ್ರ ಎಂಥಾ ವಿಷ ಇದ್ರೂ ಸಾಯ್ತೈತಿ."

"ಖರೆ ಅದ" ಅಂದಳು ನಲಿನಿ, ಎರಡನೇ ಲೋಟ ಹಿಡಿದು. "ನೋಡು ಲಿಂಗಣ್ಣ, ನಿನ್ನಿಂದ ಇಡೀ ಬಿಲ್ಡಿಂಗಿನ ಜೀವ ಉಳಿತು."

ಲಿಂಗಣ್ಣನಿಗೂ ಒಂದು ಲೋಟ ಕೊಟ್ಟರು. ಕುಡಿದ. ಏನು ಮಾಡಿಯಾನು?

ಮೀಟಿಂಗು ಪಾರ್ಕಿಂಗಿನಲ್ಲಿ ನಡೆಯಿತು. ಕೊಡವನ್ನೂ ಅಲ್ಲಿಗೇ ತಂದಿಟ್ಟಿದ್ದರು. ವಿಶ್ವಜಿತ್‌ನನ್ನು ನಡುವೆ ನಿಲ್ಲಿಸಿ, ಕಾಲರು ಹರಿಯುವಂತೆ ಎಳೆದಾಡಿ, ಎಲ್ಲರೂ ಸುಲಿದರು. ನಿನ್ನೆ ತನಕ ಅವನ ಕಡೆ ಇದ್ದವರು ಇವತ್ತು ಮುಂದೆ ನಿಂತು ಸುಲಿದರು. "ಪೈಪ್ ತಾಮ್ರದ್ದಲ್ಲರಿ, ಪ್ಲಾಸ್ಟಿಕ್ಕಿಂದು! ಬಿಲ್ ತೋರಸ್ತೀನಿ!" ಎಂದು ಅವನು ಅಳುವ ದನಿಯಲ್ಲಿ ಕೂಗಿದರೂ ಕೇಳುವವರಿಲ್ಲ. ಕ್ಯಾಮೆರಾ ಬೇಡ, ಏಜೆನ್ಸಿ ಬೇಡ, ಲಿಂಗಣ್ಣನಂಥ ನಿಯತ್ತಿನ ಮನುಷ್ಯ ಸಿಗುವುದಿಲ್ಲ ಎಂದರು. ಲಿಂಗಣ್ಣ ಕಂಬಕ್ಕೆ ಒರಗಿ ನಿಂತಿದ್ದ. ಇನ್ನು ಕೈ ಎತ್ತುವುದೊಂದೇ ಬಾಕಿ.

ಆಗ ಮೃಣಾಲಿನಿಯವರ ಆಟೋ ಬಂತು. ನಲಿನಿ ಅವರನ್ನು ಗೇಟಿನಲ್ಲೇ ಹಿಡಿದು ಎಲ್ಲವನ್ನೂ ಹೇಳಿದಳು. ಅವರು ಮೇಲೆ ಹೋಗಿ ತೊಟ್ಟಿ ನೋಡಿ ಬಂದರು. ಕಣ್ಣು ಕೆಂಪಾಗಿದ್ದವು. ಕುರ್ಚಿಯಲ್ಲಿ ಕೂತು, "ಸ್ವಲ್ಪ ನೀರು ಕೊಡವಾ" ಎಂದರು.

ಗದಿಗೆಮ್ಮ ಕೊಡದಿಂದ ತುಂಬಿ ಕೊಟ್ಟಳು. ಅರ್ಧ ಕುಡಿದು ಅವರು ಲೋಟ ಇಳಿಸಿದರು. ಕೊಡವನ್ನು ನೋಡಿದರು.

"ಗದಿಗೆಮ್ಮ, ಮ್ಯಾಲೆ ತೊಟ್ಟಿಗೆ ಯಾವ ನೀರು ಹಾಕಿದ್ರಿ?"

ಲಿಂಗಣ್ಣ ಕೆಮ್ಮಿದ. ಗದಿಗೆಮ್ಮ ಅದನ್ನು ಬರೀ ಕೆಮ್ಮೆಂದೇ ತಿಳಿದಳು.

"ಇದಽ ನೀರ್ರಿ ಅಮ್ಮಾರ" ಎಂದಳು ಎದೆಯುಬ್ಬಿಸಿ. "ಮೊದಲ ಎರಡು ತಂಬಗಿ. ಆಮ್ಯಾಲ ಸಿಗಡಿ ಸತ್ತಾಗ ಇನ್ನೊಂದು ತಂಬಗಿ. ಶುದ್ಧ ನೀರು ಹಾಕ್ರಿ ಅಂತ ನೀವಽ ಹೇಳಿದ್ರಂತಲ್ಲ!"

ಎಲ್ಲರೂ ತಮ್ಮ ತಮ್ಮ ಕೈಯ ಲೋಟ ನೋಡಿಕೊಂಡರು. ಒಬ್ಬರು ಮೆಲ್ಲಗೆ ಕಂಬದ ಹಿಂದೆ ಹೋಗಿ ಉಗುಳಿದರು.

"ಮನುಷ್ಯರಿಗೇನೂ ಆಗಂಗಿಲ್ಲ. ಹೆದರಬ್ಯಾಡ್ರಿ" ಎಂದರು ಮೃಣಾಲಿನಿ. ಆಮೇಲೆ ಲಿಂಗಣ್ಣನ ಕಡೆ ತಿರುಗಿದರು. "ದುಕಾನದಾಗ ತಾಮ್ರ ಅಂದಾಗ ನಿನಗ ತಿಳಿದಿತ್ತೇನು?"

ಲಿಂಗಣ್ಣ ನೆಲ ನೋಡಿದ. "ತಿಳಿದಿತ್ರಿ."

"ಸಿಗಡಿ ಸತ್ತದ್ದಕ್ಕ ನನಗ ಸಿಟ್ಟಿಲ್ಲಪಾ. ಅದು ಗೊತ್ತಿಲ್ಲದ ಆದದ್ದು." ಅವರು ಅರ್ಧ ಉಳಿದ ಲೋಟವನ್ನು ನೆಲಕ್ಕಿಟ್ಟರು. ವಿಶ್ವಜಿತ್ ಹರಿದ ಕಾಲರು ಸರಿ ಮಾಡಿಕೊಂಡು, "ಏಜೆನ್ಸಿ ಬೇಕು ಅನ್ನೋರು ಕೈ ಎತ್ತರಿ" ಎಂದಾಗ, ಹಳೆಯ ಕೈಗಳೆಲ್ಲ ಮತ್ತೆ ಅವನ ಕಡೆ ಎದ್ದವು; ಕೊನೆಗೆ ಮೃಣಾಲಿನಿಯವರ ಕೈ ನಿಧಾನಕ್ಕೆ, ನೋವಿದ್ದ ಕೈಯಂತೆ, ಮೇಲೆ ಹೋಯಿತು.

ತೀರ್ಮಾನವಾಯಿತು, ಜನ ಎದ್ದರು. ಆಗ ನಲಿನಿ, "ಒಂದ್ ಮಿನಿಟ್ರಿ" ಅಂದಳು. "ಮಧ್ಯಾಹ್ನದಿಂದ ಈ ನೀರು ಕುಡಿದು ನನ್ನ ಹೊಟ್ಟಿ ಉರಿ ಪೂರಾ ನಿಂತದ. ಈ ಕೊಡ ಮಾತ್ರ ಇಲ್ಲೇ ಇರಲಿ."

"ನನಗೂ ಹಗುರ ಆಗೈತಿ" ಎಂದರು ಕಂಬದ ಹಿಂದೆ ಉಗುಳಿ ಬಂದವರು. ವಿಶ್ವಜಿತ್ ಫೋನು ನೋಡಿ, ತಾಮ್ರದ ನೀರಿನ ಗುಣಗಳನ್ನು ಗಟ್ಟಿಯಾಗಿ ಓದಿದ. ಏಜೆನ್ಸಿಯ ಗಾರ್ಡ್ ದಿನಾ ಗುಡಿಯಿಂದ ತುಂಬಿ ತರಬೇಕು, ಕೊಡ ಗೇಟಿನಲ್ಲಿ ಕಾಯಂ ಇರಬೇಕು ಎಂದು ಠರಾವಾಯಿತು. ಈ ಸಲ ಒಂದೂ ವಿರೋಧವಿರಲಿಲ್ಲ. ಆ ಕಟ್ಟಡದಲ್ಲಿ ಎಲ್ಲರೂ ಒಂದೇ ಮಾತಿಗೆ ಕೈ ಎತ್ತಿದ್ದು ಅದೇ ಮೊದಲು.

"ನಮ್ಮ ತವರಿಂದು ಅದು..." ಎಂದು ಗದಿಗೆಮ್ಮ ಎದ್ದಳು. ಊರಿಗೆ ಹೋದರೂ ಹೆಸರು ಉಳಿಯುತ್ತದಲ್ಲ, ನೆನಪಿಗೆ ಬಿಟ್ಟುಹೋಗಿ ಎಂದು ನಲಿನಿ ಅವಳ ಭುಜ ಸವರಿದಳು. ಇಷ್ಟು ವರ್ಷ ಬೇಡ ಎಂದು ಹೇಳಿ ರೂಢಿಯಿಲ್ಲದ ಲಿಂಗಣ್ಣ, "ಇರಲಿ ಬಿಡ್ರಿ" ಎಂದುಬಿಟ್ಟ.

ಗೇಟಿನ ಬಳಿ ಕೊಡ ಇಡಲು ಎತ್ತರದ ಜಾಗ ಬೇಕಿತ್ತು. ವಿಶ್ವಜಿತ್ ಅತ್ತಿತ್ತ ನೋಡಿ, ಲಿಂಗಣ್ಣನ ಕುರ್ಚಿಯನ್ನು ಎಳೆದು ಗೋಡೆಗೆ ಹಚ್ಚಿ, ಅದರ ಮೇಲೆ ಕೊಡ ಕೂರಿಸಿದ. ಗದಿಗೆಮ್ಮ ಹೋಗಿ ರೂಢಿಯಂತೆ ಬಿಳಿ ಬಟ್ಟೆ ಮುಚ್ಚಿ ಬಂದಳು.

ಮೃಣಾಲಿನಿಯವರು ಮೇಲಿಂದ ಬಕೆಟ್ ತಂದು ಲಿಂಗಣ್ಣನ ಮುಂದೆ ಇಟ್ಟರು. "ಇದೊಂದು ಉಳಿದದ. ಆ ತೊಟ್ಟಿಗಿನ್ನ ಇದನ್ನ ಬಿಡಲಿಕ್ಕೆ ಬರಂಗಿಲ್ಲ. ಹೋಗೋ ಮುಂದ ದುಕಾನಕ್ಕ ಕೊಟ್ಟು ಹೋಗಪಾ."

ಗದಿಗೆಮ್ಮ ಬಗ್ಗಿ ಒಳಗೆ ನೋಡಿದಳು. ಗಡೀಪಾರಾದ ಏಡಿ ಶಂಖ ಹೊತ್ತು ಬಕೆಟಿನ ತಳ ಸುತ್ತುತ್ತಿತ್ತು.

"ಇದರದೇನು ಚಿಂತಿ?" ಎಂದಳು ಗಂಡನಿಗೆ. "ಎಲ್ಲಿ ಇಟ್ರೂ ಇದು ಮನ್ಯಾಗಽ ಇರ್ತೈತಿ. ನೀ ಗಂಟು ಕಟ್ಟು ನಡಿ."